ಅಂಗಳದಲ್ಲೊಂದು ಬಂಗಾರದ ಗಣಿ

ಗಣಿಗಾರಿಕೆಯ ವಿರುದ್ಧ ಮಾತನಾಡಿ ನಾನು ಗೆದ್ದ ಪಾರಿತೋಷಕ ಹಿತ್ತಾಳೆಯದಾಗಿತ್ತು. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಎರಡೂ ಗಣಿಯಿಂದಲೇ ಬರಬೇಕು. ವೇದಿಕೆಯ ಮೇಲೆ ಅದನ್ನು ಎದೆಗವಚಿಕೊಂಡು ನಿಂತಾಗಲೇ ಈ ಮಾತು ಹೊಳೆಯಿತು. ಅಷ್ಟರಲ್ಲಿ ತೀರ್ಪುಗಾರರು ಊಟಕ್ಕೆ ಎದ್ದಾಗಿತ್ತು. ಚರ್ಚಾಸ್ಪರ್ಧೆಯಲ್ಲಿ ಚೀಟಿ ಎತ್ತಿದಾಗ ಯಾವ ಪಕ್ಷ ಬರುತ್ತದೋ ಅದೇ ನಮ್ಮ ನಂಬಿಕೆ. ನನಗೆ ವಿರೋಧ ಬಂದಿತ್ತು. ಪರ ಬಂದಿದ್ದರೂ ಗೆಲ್ಲುತ್ತಿದ್ದೆ, ಎರಡೂ ಕಡೆಯ ಮಾತು ತಯಾರಿತ್ತು.

ಹೀಗೆ ಪರವಾಗಿ ತಯಾರಿಸಿದ ಮಾತೆಲ್ಲ ಖರ್ಚಾಗದೆ ಹೊಟ್ಟೆಯಲ್ಲೇ ಉಳಿಯಿತು. ಬೇಸಿಗೆ ರಜೆಗೆ ನವಲಗುಂದದ ಹತ್ತಿರದ ನಮ್ಮೂರಿಗೆ ಬಂದವಳು ಅದನ್ನು ಮನೆಯವರ ಮೇಲೆ ಖರ್ಚು ಮಾಡಲು ಕೂತೆ.

"ಈ ಮನ್ಯಾಗ ಏನೇನೈತಿ, ಅದು ಒಂದೋ ಬೆಳದದ್ದು, ಇಲ್ಲಾ ಅಗದದ್ದು. ಮೂರನೇದ್ದು ಒಂದs ಒಂದು ತೋರಸ್ರಿ ನೋಡೂಣು," ಎಂದೆ.

ಕಾಕಾ, ಅಂದರೆ ಅಪ್ಪನ ತಮ್ಮ, ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ. "ಕಡ್ಡಿಪೆಟ್ಟಗಿ," ಎಂದ.

"ಕಡ್ಡಿ ಬೆಳದದ್ದು. ತುದಿಗಿನ ಗಂಧಕ ಅಗದದ್ದು."

"ಮೊಬೈಲು?"

"ಪೂರಾ ಅಗದದ್ದು. ಗಾಜು ಅಂದ್ರ ಉಸುಕು. ಒಳಗ ತಾಮ್ರ ಐತಿ, ಚೂರು ಬಂಗಾರನೂ ಐತಿ. ಬ್ಯಾಟರ್‍ಯಾಗ ಲಿಥಿಯಂ."

"ಉಪ್ಪು? ಅದು ಸಮುದ್ರದ್ದು."

"ಸಮುದ್ರಕ್ಕ ಎಲ್ಲಿಂದ ಬಂತು? ಮಳಿ ನೀರು ಕಲ್ಲು ಮಣ್ಣು ತೊಳದು ಒಯ್ದದ್ದು. ಅದೂ ಭೂಮೀದs."

ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸದೆ ಕೇಳಿದಳು: "ನಿನ್ನ ಬಾಯಿ ಯಾವುದರಾಗ ಬರ್ತೈತಬೇ?"

ನಾನು ಉತ್ತರ ಹುಡುಕುವುದರೊಳಗೆ ಅವಳೇ ಹೇಳಿದಳು. "ಅಗದದ್ದs ಇರಬೇಕು. ತಳಾ ಕಾಣವಲ್ದು."

ಕಾಕಾ ನಕ್ಕು ಕೆಮ್ಮಿದ. ಆ ಸುತ್ತು ಅವ್ವನಿಗೆ ಹೋಯಿತು ಎಂದು ಒಪ್ಪಿಕೊಳ್ಳಲೇಬೇಕು.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಊರಲ್ಲಿ ಅರ್ಧ ಮನೆಗಳಿಗೆ ಈಗ ಸಿಮೆಂಟಿನ ಚಾವಣಿ ಬಂದಿದೆ. ನಮ್ಮ ಅಜ್ಜಿ ಮಾತ್ರ ಸಿಮೆಂಟಿನ ಕೆಳಗೆ ತನಗೆ ನಿದ್ದೆ ಬರುವುದಿಲ್ಲ ಎನ್ನುತ್ತಾಳೆ. ಹುಬ್ಬಳ್ಳಿಯಲ್ಲಿ ನೌಕರಿ ಮಾಡಿ ಭಾನುವಾರ ಮಾತ್ರ ಬರುವ ಅಪ್ಪನಿಗೆ ಅವಳೊಂದಿಗೆ ವಾದಿಸುವ ಪುರುಸೊತ್ತಿಲ್ಲ. ಹಾಗಾಗಿ ಪ್ರತಿವರ್ಷ ಮುಂಗಾರಿನ ಮೊದಲು ಮಾಳಿಗೆಗೆ ಸವಳು ಮಣ್ಣು ಹಾಕುವ ಕೆಲಸ ಕಾಕಾನದು. ಸವಳು ಅಂದರೆ ಉಪ್ಪು ಕೂಡಿದ ಮಣ್ಣು. ಹಳ್ಳದ ಬಾಜೂಕ, ಏನೂ ಬೆಳೆಯದ ಜಾಗದಲ್ಲಿ ಸಿಗುತ್ತದೆ. ಹೊಲಕ್ಕೆ ಅದು ಶಾಪ, ಮಾಳಿಗೆಗೆ ವರ. ನೀರು ಬಿದ್ದ ಕೂಡಲೇ ಅದರ ಕಣಗಳು ಹಿಟ್ಟಿಗಿಂತ ನುಣ್ಣಗಾಗಿ ಸಂದುಗೊಂದು ಮುಚ್ಚಿಬಿಡುತ್ತವೆ, ಮುಂದೆ ಹನಿ ನೀರೂ ಇಳಿಯುವುದಿಲ್ಲ.

ಒಳ್ಳೆಯ ಸವಳು ಯಾವುದು ಎಂದು ಕಾಕಾ ಕಂಡುಹಿಡಿಯುವುದು ನಾಲಿಗೆಯಿಂದ. ಚಿಟಿಕೆ ಮಣ್ಣು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, ಮದುವೆ ಮನೆಯ ಸಾರಿನ ರುಚಿ ನೋಡುವವರ ಹಾಗೆ ಸ್ವಲ್ಪ ಹೊತ್ತು ನಿಂತು, "ಹ್ಞೂಂ, ಹೋದ ವರ್ಸದ್ದಕ್ಕಿಂತ ಉಪ್ಪು ಮುಂದ ಐತಿ. ಇದನ್ನs ಹೇರು," ಎನ್ನುತ್ತಾನೆ.

"ಕಾಕಾ, ಇದೂ ಗಣಿಗಾರಿಕೀನs," ಎಂದೆ.

"ಹಂಗಾರ ನಾನೂ ಗಣಿ ಮಾಲಕ ಆದ್ನೆಲ್ಲವ. ಇನ್ನ ಮ್ಯಾಲೆ ರೀ ಹಚ್ಚಿ ಮಾತಾಡು."

ಇನ್ನು ಬೋರಮಾಳದ ವಿಷಯ. ಬೋರೆಹಣ್ಣಿನಂಥ ಬಂಗಾರದ ಗುಂಡುಗಳನ್ನು ಪೋಣಿಸಿದ ಸರಕ್ಕೆ ನಮ್ಮಲ್ಲಿ ಬೋರಮಾಳ ಎನ್ನುತ್ತಾರೆ. ತೆಳುವಾದ ಬಂಗಾರದ ತಗಡನ್ನು ಗುಂಡಗೆ ಮಾಡಿ, ಒಳಗೆ ಅರಗು ತುಂಬುತ್ತಾರೆ. ಬಂಗಾರ ಕಡಿಮೆ ಹೋಗುತ್ತದೆ, ಕೊರಳು ತುಂಬಿ ಕಾಣುತ್ತದೆ. ಊರವರ ಬೋರಮಾಳಗಳೆಲ್ಲ ಹೀಗೆಯೇ. ಅಜ್ಜಿಯದೊಂದು ಮಾತ್ರ ಹಾಗಲ್ಲ ಎಂಬುದು ಅಜ್ಜಿಯ ವಾದ.

"ನಂದು ಗಟ್ಟಿ. ಅರಗಿಂದಲ್ಲ."

ಈ ಮಾತು ಹೇಳದೆ ಅವಳು ಯಾವ ಕಾರ್ಯದಿಂದಲೂ ಎದ್ದು ಬಂದವಳಲ್ಲ. ಅದರಲ್ಲೂ ಸಂಶಿಯಲ್ಲಿ ಅತ್ತೆಯ ಮನೆಗೆ ಹೋದರೆ, ಅಂದರೆ ಅವಳ ಮಗಳ ಮನೆಗೆ, ಅಲ್ಲಿನ ಬೀಗಿತಿಯ ಅರಗಿನ ಬೋರಮಾಳದ ಎದುರು ಕೂತು ಖಂಡಿತ ಹೇಳುತ್ತಾಳೆ. ದೇವರು, ದೆವ್ವ, ರಾಶಿಫಲ ಎಲ್ಲವನ್ನೂ ಪ್ರಶ್ನಿಸಿದ ನಾನು ಇದೊಂದನ್ನು ಪ್ರಶ್ನಿಸಿರಲಿಲ್ಲ. ಪೂರ್ವದಲ್ಲಿ ಸೂರ್ಯ ಹುಟ್ಟುತ್ತಾನೆ ಎಂದು ಯಾರಾದರೂ ಹೇಳಿದರೆ ನಾವು ಪುರಾವೆ ಕೇಳುತ್ತೇವೆಯೇ?

ಆ ಬೋರಮಾಳ ಮುಂದೆ ಯಾರಿಗೆ ಎನ್ನುವುದು ಮನೆಯ ಹಳೆಯ ತಕರಾರು. ಸೊಸೆಯಾದ ಅವ್ವನಿಗೋ, ಮಗಳಾದ ಅತ್ತೆಗೋ? "ಯಾರು ಜ್ವಾಕಿ ಮಾಡ್ತಾರ, ಅವರಿಗೆ," ಎಂದು ಅಜ್ಜಿ ಹೇಳುತ್ತಿದ್ದಳು, ಹೇಳುವಾಗ ಸಂಶಿಯ ದಿಕ್ಕಿಗೆ ನೋಡುತ್ತಿದ್ದಳು. ಅವ್ವ ಬಾಯಿ ಬಿಟ್ಟು ಕೇಳಿದವಳಲ್ಲ. ಆದರೆ ಅಜ್ಜಿ ಅದನ್ನು ಪೆಟ್ಟಿಗೆಯಿಂದ ತೆಗೆದಾಗಲೆಲ್ಲ ಒಲೆಯ ಮೇಲಿನ ಹಾಲು ಉಕ್ಕುತ್ತಿತ್ತು. ಹಾಲು ಉಕ್ಕುವಷ್ಟು ಮೈಮರೆಯುವುದು ಅವ್ವನ ಸ್ವಭಾವವಲ್ಲ.

ಆ ರಜೆಯಲ್ಲೇ ಅಜ್ಜಿ ಸಂಶಿಗೆ ಹೊರಟಾಗ ಬಾಜೂ ಮನೆಯಲ್ಲಿ ಕುಬಸದ ಕಾರ್ಯವಿತ್ತು. ಚೊಚ್ಚಲ ಬಸುರಿಗೆ ಉಡಿ ತುಂಬುವ ಕಾರ್ಯ. ಮನೆತನದ ಮರ್ಯಾದೆಯ ಪ್ರಶ್ನೆ, ಬರಿಗೊರಳಲ್ಲಿ ಹೋಗುವ ಹಾಗಿಲ್ಲ. ಅಜ್ಜಿ ಮೊದಲ ಸಲ ಪೆಟ್ಟಿಗೆಯ ಕೀಲಿಕೈ ಅವ್ವನ ಕೈಗಿಟ್ಟಳು. "ಹಾಕ್ಕೊಂಡು ಹೋಗು. ಕಾರ್ಯ ಮುಗಿದ ಕೂಡಲೆ ತಗದಿಡು. ನೋಡೂಣು ನಿನ್ನ ಜ್ವಾಕಿ."

ಪರೀಕ್ಷೆ ಅದು. ಅವ್ವನಿಗೂ ಗೊತ್ತಿತ್ತು.

ಕುಬಸ ಮುಗಿಸಿ ಅವ್ವ ಮನೆಗೆ ಬಂದಾಗ ಪಶ್ಚಿಮಕ್ಕೆ ಮೋಡ ಕಟ್ಟಿತ್ತು. ಕಾಕಾ ತಂದ ಸವಳು ಮಣ್ಣು ಇನ್ನೂ ಅಂಗಳದಲ್ಲೇ ಗುಡ್ಡೆಯಾಗಿತ್ತು. ಅವನು ಬುಟ್ಟಿ ಹೊತ್ತು ಏಣಿ ಹತ್ತುತ್ತಿದ್ದ, ಮೇಲೆ ಹರವಲು ಯಾರೂ ಇರಲಿಲ್ಲ. ಅವ್ವ ಸೆರಗು ಸಿಕ್ಕಿಸಿ ಏಣಿ ಹತ್ತಿಯೇಬಿಟ್ಟಳು, ಕೊರಳಲ್ಲಿ ಬೋರಮಾಳ ಇಟ್ಟುಕೊಂಡೇ. ನಾಲ್ಕು ಬುಟ್ಟಿ ಹರವುವುದರೊಳಗೆ ಬುಟ್ಟಿಯ ಅಂಚಿನ ಕಡ್ಡಿಗೆ ದಾರ ಸಿಕ್ಕಿ ಹರಿಯಿತು. ಗುಂಡುಗಳು ಮಣ್ಣಿಗೆ ಉದುರಿದವು.

ನಾನು ಮೇಲೆ ಹೋಗಿ ನೋಡಿದಾಗ ಅವ್ವ ಮಂಡಿಯೂರಿ ಮಣ್ಣು ಕೆದಕುತ್ತಿದ್ದಳು. ಸಿಕ್ಕ ಗುಂಡುಗಳನ್ನು ಸೆರಗಿನ ಗಂಟಿಗೆ ಹಾಕುತ್ತಿದ್ದಳು, ನನಗೆ ಮುಟ್ಟಗೊಡಲಿಲ್ಲ. ಕೆಳಗೆ ಬಂದು ಹಾಸಿಗೆಯ ಮೇಲೆ ನಡುವಿನ ಪದಕದ ಎರಡೂ ಕಡೆ ಗುಂಡುಗಳನ್ನು ಜೋಡಿ ಜೋಡಿಯಾಗಿ ಇಟ್ಟಳು. ಬಲಗಡೆಯ ಸಾಲು ಮುಗಿಯಿತು. ಎಡಗಡೆ ಒಂದು ಗುಂಡಿನ ಜಾಗ ಖಾಲಿ ಉಳಿಯಿತು.

ಅವ್ವ ಅಳಲಿಲ್ಲ. ಆ ಖಾಲಿ ಜಾಗದ ಮೇಲೆ ಬೆರಳಿಟ್ಟು ಕೂತಳು.

ಕಾಕಾ ತಡಮಾಡದೆ ಪಕ್ಕದೂರಿನ ಅಂಜನ ಹಾಕುವವನಿಗೆ ಫೋನು ಹಚ್ಚಿದ. ವೀಳ್ಯದೆಲೆಗೆ ಕಾಡಿಗೆ ಸವರಿ, ಅದರಲ್ಲಿ ನೋಡಿ, ಕಳೆದ ವಸ್ತು ಎಲ್ಲಿದೆ ಎಂದು ಹೇಳುವ ಮನುಷ್ಯ ಅವನು. ಎಮ್ಮೆಯಿಂದ ಹಿಡಿದು ಅಳಿಯಂದಿರವರೆಗೆ ಹುಡುಕಿಕೊಟ್ಟಿದ್ದಾನೆ ಎಂದು ಕಾಕಾನ ಹೇಳಿಕೆ. ಸ್ವಲ್ಪ ಹೊತ್ತಿಗೆ ಮೊಬೈಲಿಗೆ ಅವನ ಧ್ವನಿ ಬಂತು: "ಕಳದದ್ದು ಕಳದಿಲ್ಲ. ನೀರಿನ ಬಾಜು, ಹಸರಿನ ಬುಡಕ ಐತಿ."

"ನೋಡಿದೇನು?" ಎಂದ ಕಾಕಾ.

"ಏನ ನೋಡೂದು? ಬಾವಿ, ಕೆರಿ, ಕಾಲುವಿ, ಬಚ್ಚಲು, ನಳ, ಎಲ್ಲಾ ನೀರs. ಅದರ ಬಾಜು ಹಸರು ಇರಲಾರದ ಜಾಗಾ ಒಂದು ತೋರಸು. ತಪ್ಪು ಆಗಾಕ ಸಾಧ್ಯನs ಇಲ್ಲದ ಮಾತು ಮಾತs ಅಲ್ಲ, ಕಾಕಾ."

"ತಪ್ಪs ಆಗೂದಿಲ್ಲ ಅಂತ ನೀನs ಒಪ್ಪಿದೆಲ್ಲ."

ಇಂಥವರ ಜೊತೆ ವಾದ ಮಾಡಿ ಮಾಡಿಯೇ ನಾನು ಪಾರಿತೋಷಕ ಗೆದ್ದದ್ದು. ನಾನು ಅವ್ವನ ಕಡೆ ತಿರುಗಿದೆ. "ಅವ್ವಾ, ಮಣ್ಣಾಗಿಂದ ಬಂಗಾರ ತಗಿಯೂದು ಜಗತ್ತಿನಾಗ ಎಷ್ಟೋ ಕಾಲದಿಂದ ನಡದೈತಿ. ನನ್ನ ಕೈಯಾಗ ಬಿಡು."

ಗಣಿಯ ಕೆಲಸವನ್ನು ಮೊದಲ ಹಂತದಿಂದಲೇ ಶುರು ಮಾಡಿದೆ. ಅವ್ವ ಮಣ್ಣು ಹರವಿದಷ್ಟು ಜಾಗಕ್ಕೆ ಸುಣ್ಣದ ಗೆರೆ ಎಳೆದೆ. ಅಷ್ಟೂ ಮಣ್ಣನ್ನು ಕೆರೆದು ಬುಟ್ಟಿ ಬುಟ್ಟಿಯಾಗಿ ಕೆಳಗೆ ಇಳಿಸಬೇಕು ಎಂದೆ. ಈಗಷ್ಟೇ ಹೊತ್ತು ಮೇಲೇರಿಸಿದ ಕಾಕಾ ಏಣಿಯ ಕೆಳಗೆ ನಿಂತು ನನ್ನನ್ನು ನೋಡಿದ ನೋಟದಲ್ಲಿ ಗಣಿ ಕಾರ್ಮಿಕರ ಇತಿಹಾಸವೆಲ್ಲ ಇತ್ತು.

"ಮಾಲಕ ಆಗಿದ್ದೆ. ಒಂದs ತಾಸಿನಾಗ ಕೂಲಿಗೆ ಹಚ್ಚಿದಿ," ಎಂದ.

ಮಣ್ಣು ಇಳಿಯಿತು. ಹೆಂಟೆಗಳನ್ನು ಒಡೆದು ಪುಡಿ ಮಾಡಿದೆವು. ಹಿಟ್ಟು ನಾದುವ ದೊಡ್ಡ ಪರಾತದಲ್ಲಿ ಮಣ್ಣು ಹಾಕಿ, ನೀರು ಸುರಿದು, ಅಲ್ಲಾಡಿಸಿ, ಮೇಲಿನ ರಾಡಿಯನ್ನು ಓರೆಯಾಗಿ ಚೆಲ್ಲುವುದು ನನ್ನ ಯೋಜನೆ. ಚೆಲ್ಲುತ್ತ ವಿವರಿಸಿದೆ. "ಕಬ್ಬಿಣ ಬೇಕಂದ್ರ ಅದಿರು ಇದ್ದಲಿ ಕೂಡ ಹಾಕಿ ಸುಡಬೇಕು. ಅಲ್ಯುಮಿನಿಯಂ ಅಂತೂ ಕರೆಂಟ್ ಕೊಡದ ಹೊರತು ಮಣ್ಣು ಬಿಟ್ಟು ಬರೂದs ಇಲ್ಲ. ಬಂಗಾರ ಹಂಗಲ್ಲ. ಯಾರ ಕೂಡನೂ ಕೂಡೂದಿಲ್ಲ. ಎಷ್ಟು ವರ್ಸ ಮಣ್ಣಾಗ ಬಿದ್ರೂ ತಾನು ತಾನs."

"ನಿಮ್ಮಜ್ಜಿ ಹಂಗ," ಎಂದ ಕಾಕಾ.

"ಮತ್ತ ಅಗದಿ ಭಾರ. ಮಣ್ಣು ಹರದು ಹೋಗ್ತೈತಿ, ಬಂಗಾರ ತಳಕ್ಕ ಕೂಡ್ತೈತಿ. ಅದಕ್ಕ ನೀವು ತಳಾ ನೋಡ್ಕೊಂತ ಇರ್ರಿ, ಚೆಲ್ಲೂದನ್ನ ನೋಡಬ್ಯಾಡ್ರಿ."

ಪುಸ್ತಕದಲ್ಲಿ ಬಂಗಾರ ತೊಳೆಯುವವರು ಹೊಳೆಯ ಉಸುಕಿನಲ್ಲಿ ತೊಳೆಯುತ್ತಾರೆ. ಉಸುಕು ತಳ ಸೇರುತ್ತದೆ, ನೀರು ತಿಳಿಯಾಗುತ್ತದೆ. ಸವಳಿಗೆ ಆ ಶಿಸ್ತು ಗೊತ್ತಿಲ್ಲ. ನೀರು ಬಿದ್ದ ಕೂಡಲೇ ಅದು ಅಂಬಲಿಯಾಯಿತು. ಮಾಳಿಗೆಯ ಮೇಲೆ ಯಾವ ಗುಣಕ್ಕೆ ಅದನ್ನು ಹೊಗಳಿದ್ದೆನೋ ಅದೇ ಗುಣದಿಂದ ಪರಾತದಲ್ಲಿ ನಮ್ಮನ್ನು ಅಳಿಸಿತು. ಎಷ್ಟು ಹೊತ್ತು ಬಿಟ್ಟರೂ ತಿಳಿಯಾಗಲಿಲ್ಲ. ಮತ್ತೆ ನೀರು, ಮತ್ತೆ ಅಲ್ಲಾಟ, ಮತ್ತೆ ಚೆಲ್ಲುವುದು. ಚೆಲ್ಲಿದ ರಾಡಿಯನ್ನು ದಂಡ ಮಾಡಬಾರದೆಂದು ಅವ್ವ ಬಚ್ಚಲ ಬಾಜೂಕಿನ ಕರಿಬೇವಿನ ಮಡಿಗೆ ತಿರುಗಿಸಿದಳು.

ಸಂಜೆಯ ಹೊತ್ತಿಗೆ ಪರಾತದ ತಳದಲ್ಲಿ ಕೂತದ್ದು ಇಷ್ಟು: ತುಕ್ಕು ಹಿಡಿದ ಮೊಳೆ, ಹಸಿರು ಬಳೆಚೂರು, ಸುಣ್ಣದ ಹರಳು, ಅಂಗಿಯ ಗುಂಡಿ, ಒಂದಿಷ್ಟು ಕರಿ ಉಸುಕು. ಕಾಕಾ ಹಳೆಯ ರೇಡಿಯೋದ ಅಯಸ್ಕಾಂತ ತಂದು ಆ ಕರಿ ಉಸುಕಿನ ಮೇಲಾಡಿಸಿದಾಗ ಅದು ಮೀಸೆಯಂತೆ ಎದ್ದು ನಿಂತಿತು. "ಕಬ್ಬಿಣ ಸಿಕ್ತು," ಎಂದ ಸಂತೋಷದಿಂದ. ಆಮೇಲೆ ಗುಂಡಿಯನ್ನು ತಿಕ್ಕಿ ನೋಡಿ, "ಇದು ನಂದs. ಹೋದ ವರ್ಸ ಕಳದಿತ್ತು," ಎಂದು ಕಿಸೆಗೆ ಹಾಕಿಕೊಂಡ. ಆ ಗಣಿಯಿಂದ ಲಾಭವಾದದ್ದು ಅವನೊಬ್ಬನಿಗೇ.

ನಾನು ತೀರ್ಪು ಕೊಟ್ಟೆ. "ಬಂಗಾರ ಭಾರ. ಭಾರ ಆದದ್ದು ತಳದಾಗ ಇರಬೇಕು. ತಳದಾಗ ಇಲ್ಲ. ಅಂದ್ರ ಈ ಮಣ್ಣಾಗ ಆ ಗುಂಡು ಇಲ್ಲs ಇಲ್ಲ. ಬ್ಯಾರೆ ಎಲ್ಲೋ ಬಿದ್ದೈತಿ."

"ನನ್ನ ಕಣ್ಣಿಂದ ಕಂಡೇನಿ, ಈ ಮಣ್ಣಾಗs ಬಿದ್ದದ್ದು," ಎಂದಳು ಅವ್ವ.

"ಕಣ್ಣಿಗೆ ತಪ್ಪು ಆಗ್ತೈತಿ. ತರ್ಕಕ್ಕ ಆಗೂದಿಲ್ಲ."

ಅಷ್ಟರಲ್ಲಿ ಅಜ್ಜಿಯ ಫೋನು ಬಂತು. ಮರುದಿನ ಮುಂಜಾನೆಯ ಬಸ್ಸಿಗೆ ಬರುವವಳಿದ್ದಳು. ಕುಬಸ ಹೇಗಾಯಿತು, ಯಾರು ಯಾರು ಬಂದಿದ್ದರು, ಬೋರಮಾಳ ನೋಡಿ ಏನಂದರು ಎಂದೆಲ್ಲ ಕೇಳಿದಳು. "ಎಲ್ಲಾರೂ ನೋಡಿದ್ರರಿ ಅತ್ತಿ. ಚಲೋ ಐತಿ ಅಂದ್ರು," ಎಂದು ಅವ್ವ ಹೇಳಿ ಫೋನಿಟ್ಟಳು. ಇಟ್ಟ ಮೇಲೆ ನಮ್ಮನ್ನು ನೋಡದೆ, ಗೋಡೆಗೆ ಹೇಳುವ ಹಾಗೆ ಹೇಳಿದಳು: "ಬಂದ ಕೂಡಲೆ ಖರೇ ಹೇಳಿಬಿಡ್ತೀನಿ. ನನ್ನ ಕೈಯಾಗ ಉಳಿಯಲಿಲ್ಲರಿ, ಸಂಶಿಗೇ ಕೊಡ್ರಿ ಅಂತೀನಿ. ಅಷ್ಟs."

ಅವ್ವ ಇಷ್ಟು ಬೇಗ ಸೋಲೊಪ್ಪಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಎದುರಾಳಿ ಕೈಚೆಲ್ಲಿದರೆ ಸ್ಪರ್ಧೆಯಲ್ಲಿ ಖುಷಿಯಾಗುತ್ತದೆ. ಇಲ್ಲಿ ಆಗಲಿಲ್ಲ. ಹಳೆಯ ಅಭ್ಯಾಸದಂತೆ ಚೀಟಿ ಬದಲಿಸಿ, ನನ್ನದೇ ವಾದದ ವಿರುದ್ಧ ನಿಂತೆ. ಗುಂಡು ಈ ಮಣ್ಣಿನಲ್ಲೇ ಬಿದ್ದದ್ದು ಖರೆ ಎಂದಿಟ್ಟುಕೊಳ್ಳೋಣ. ತಳದಲ್ಲಿ ಇಲ್ಲದ್ದೂ ಖರೆ. ಹಾಗಾದರೆ ಮೂರರಲ್ಲಿ ತಪ್ಪಾಗಿರಬಹುದಾದ ಮಾತು ಒಂದೇ ಉಳಿಯಿತು: ಗುಂಡು ಭಾರ ಎಂಬುದು.

"ಅವ್ವಾ, ಇನ್ನೊಂದು ಗುಂಡು ಕೊಡು."

"ಯಾಕ? ಅದನ್ನೂ ಕಳಿಯಾಕೇನು?"

"ಪರೀಕ್ಷಾ ಮಾಡೂದೈತಿ. ನಾ ಕೈ ಅಡ್ಡ ಹಿಡಿತೀನಿ. ಆಣಿ."

ಆಣೆಯ ಮೇಲೆ ನನಗೆ ನಂಬಿಕೆಯಿಲ್ಲ, ಅವ್ವನಿಗಿದೆ. ಸೆರಗಿನ ಗಂಟು ಬಿಚ್ಚಿ ಒಂದು ಗುಂಡು ಕೊಟ್ಟಳು. ಪರಾತದಲ್ಲಿ ಹೊಸ ಮಣ್ಣು, ನೀರು ಹಾಕಿ, ಗುಂಡನ್ನು ಅದರಲ್ಲಿ ಹುದುಗಿಸಿ, ಮೊದಲಿನ ಹಾಗೆಯೇ ಅಲ್ಲಾಡಿಸಿ ಓರೆ ಮಾಡಿದೆ. ಅಂಚಿನ ಕೆಳಗೆ ಅಂಗೈ ಒಡ್ಡಿದೆ. ಉಸುಕು ಇನ್ನೂ ತಳದಲ್ಲೇ ಇತ್ತು. ರಾಡಿಯ ಜೊತೆ ಒಂದು ಕೆಸರಿನ ಉಂಡೆ ಉರುಳಿಕೊಂಡು, ಯಾವ ಅವಸರವೂ ಇಲ್ಲದೆ ಅಂಚು ದಾಟಿ ನನ್ನ ಅಂಗೈಗೆ ಬಂದು ಕೂತಿತು. ಒರೆಸಿದೆ. ಹಳದಿ ಹೊಳೆಯಿತು.

ಮೂವರೂ ಅದನ್ನು ನೋಡಿದೆವು. ಕಾಕಾ ನನ್ನ ಕೈಯಿಂದ ತೆಗೆದುಕೊಂಡು ತೂಗಿ ನೋಡಿದ, ದಾರದ ತೂತಿನಲ್ಲಿ ಕಣ್ಣಿಟ್ಟ. ಒಳಗೆ ಕೆಂಪಗೆ ಕಂಡಿತು.

"ಅರಗು," ಎಂದ ಮೆಲ್ಲಗೆ, ಗುಡಿಯಲ್ಲಿ ಮಾತನಾಡುವವರ ಹಾಗೆ.

ಅವ್ವ ಗುಂಡನ್ನು ಇಸಿದುಕೊಂಡಳು. ಅವಳ ಮುಖ ನೋಡಲು ನನಗೆ ಅಂಜಿಕೆಯಾಯಿತು. ಇಷ್ಟು ವರ್ಷ ಹಾಲು ಉಕ್ಕಿಸಿದ್ದು ಇದಕ್ಕಾಗಿ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಭುಜ ಅಲುಗಾಡತೊಡಗಿತು. ಸಮಾಧಾನ ಮಾಡಲು ಹತ್ತಿರ ಹೋದರೆ ನಗುತ್ತಿದ್ದಳು. ನಗು ತಡೆಯಲಾರದೆ ಕಂಬ ಹಿಡಿದುಕೊಂಡಳು.

"ಕೊರಳಾಗ ಹಾಕ್ಕೊಂಡಾಗ ಹಗರ ಅನಸ್ತಿತ್ತಬೇ. ಖುಷಿಗೆ ಹಂಗ ಅನಸ್ತೈತಿ ಅಂತ ಮಾಡಿದ್ದೆ."

ಕಳೆದ ಗುಂಡು ಎಲ್ಲಿದೆ ಎಂಬುದು ಈಗ ಸ್ಪಷ್ಟವಾಗಿತ್ತು. ನಾವು ತಳವನ್ನೇ ನೋಡುತ್ತ ಕೂತಾಗ ಅದು ರಾಡಿಯ ಜೊತೆ ಕರಿಬೇವಿನ ಮಡಿಗೆ ಹೋಗಿತ್ತು. ಆ ಸಂಜೆ ಮಡಿಯಲ್ಲಿ ಕೈ ಹಾಕಿದರೆ ಮೊಣಕೈವರೆಗೆ ಅಂಟು. ಆರಲಿ ಎಂದು ಬಿಟ್ಟೆವು. ಅದೃಷ್ಟಕ್ಕೆ ಮೋಡ ಮಳೆ ಸುರಿಸದೆ ಚದುರಿತು. ಮುಂಜಾನೆ ಹೊತ್ತಿಗೆ ಮೇಲಿನ ರಾಡಿ ಹಪ್ಪಳದಂತೆ ಬಿರಿಯಲು ಶುರುವಾಗಿತ್ತು. ನಾನು ಹಪ್ಪಳ ಹಪ್ಪಳವಾಗಿ ಎತ್ತಿ ಮುರಿದು ನೋಡತೊಡಗಿದೆ. ಕರಿಬೇವಿನ ಕಾಂಡಕ್ಕೆ ಅಂಟಿಕೊಂಡ ತುಂಡನ್ನು ಮುರಿದಾಗ ಗುಂಡು ಸಿಕ್ಕಿತು. ಸಿಕ್ಕಿತು ಎಂದು ಕೂಗುವುದರೊಳಗೆ ಬಾಗಿಲಲ್ಲಿ ಚೀಲ ಹಿಡಿದು ಅಜ್ಜಿ ನಿಂತಿದ್ದಳು.

ಅಂಗಳದ ತುಂಬ ಮಣ್ಣು, ರಾಡಿ ಮೆತ್ತಿದ ಪರಾತ, ಮಾಳಿಗೆಗೆ ಒರಗಿದ ಏಣಿ. ಅಜ್ಜಿ ಎಲ್ಲವನ್ನೂ ನೋಡಿ, "ಏನ ನಡಸೀರಿ?" ಎಂದಳು.

ಅವ್ವ ಮುಚ್ಚಿಡಲಿಲ್ಲ. ಬೋರಮಾಳ ತೆಗೆಯದೆ ಮಾಳಿಗೆ ಹತ್ತಿದ್ದು, ದಾರ ಹರಿದದ್ದು, ಒಂದು ಗುಂಡು ಕಳೆದದ್ದು, ಈಗ ಸಿಕ್ಕದ್ದು ಎಲ್ಲ ಹೇಳಿದಳು.

"ಎಲ್ಲಿ ಸಿಕ್ತು?"

"ಕರಿಬೇವಿನ ಬುಡಕರಿ."

"ಮಣ್ಣಾಗ ಬಿದ್ದದ್ದು ಕರಿಬೇವಿನ ಬುಡಕ ಹೆಂಗ ಹೋತು?"

ಇಂಥ ಪ್ರಶ್ನೆ ತೀರ್ಪುಗಾರರು ಎಂದೂ ನನಗೆ ಕೇಳಿರಲಿಲ್ಲ. ಪೂರ್ತಿ ಉತ್ತರ ನನ್ನ ಬಳಿ ಇತ್ತು, ಪ್ರಯೋಗ ಸಮೇತ. ಬಾಯಿ ತೆರೆದೆ. ಅವ್ವನ ಕಾಲು ನನ್ನ ಪಾದದ ಮೇಲೆ ಬಂದು ನಿಂತಿತು. ಇಡೀ ಭಾರ ಹಾಕಿ ನಿಂತಿತು.

"ಅಂಜನದಾಗ ಬಂದಿತ್ತವ್ವಾ," ಎಂದ ಕಾಕಾ ಅಜ್ಜಿಗೆ, ಎದೆ ಉಬ್ಬಿಸಿ. "ನೀರಿನ ಬಾಜು, ಹಸರಿನ ಬುಡಕ. ಹೇಳಿದ ಜಾಗಾದಾಗs ಸಿಕ್ತು."

ಆ ರಾಡಿ ಚೆಲ್ಲಿದವಳು ನಾನು, ಅದನ್ನು ಅಲ್ಲಿಗೆ ತಿರುಗಿಸಿದವಳು ಅವ್ವ, ಆ ಬಚ್ಚಲು ಅಂಜನದವನು ಹುಟ್ಟುವ ಮೊದಲಿನಿಂದ ಅಲ್ಲೇ ಇದೆ ಎಂದೆಲ್ಲ ಗಂಟಲವರೆಗೆ ಬಂತು. ಅಜ್ಜಿ ನನ್ನ ಕಡೆ ತಿರುಗಿದಳು. "ಹೌದೇನಬೇ? ನೀ ಇಂಥವನ್ನೆಲ್ಲ ನಂಬಾಕಿ ಅಲ್ಲೆಲ್ಲ."

"ಅಂಜನದಾಗ ಹಂಗs ಬಂದಿತ್ತು, ಅಜ್ಜಿ," ಎಂದೆ.

ಇದು ಸುಳ್ಳಲ್ಲ. ಬಂದದ್ದು ನಿಜ, ಧ್ವನಿ ಇನ್ನೂ ಕಾಕಾನ ಮೊಬೈಲಿನಲ್ಲಿದೆ. ಅದೇ ಕಾರಣ ಎಂದು ನಾನು ಹೇಳಲಿಲ್ಲ. ಕಾಕಾ ಮಾತ್ರ ಆ ದಿನವೇ ಊರ ತುಂಬ ನನ್ನ ಸಾಕ್ಷಿ ಹೇಳಿಕೊಂಡು ಬಂದ.

ಅಜ್ಜಿ ಗುಂಡನ್ನು ತೊಳೆದಳು. ಕಟ್ಟೆಯ ಮೇಲೆ ಕೂತು, ಹೊಸ ದಾರ ತರಿಸಿ, ತಾನೇ ಪೋಣಿಸಿದಳು. ಎಡಗಡೆಯ ಖಾಲಿ ಜಾಗ ತುಂಬಿತು. ಆಮೇಲೆ ಅವ್ವನನ್ನು ಕರೆದು ಕೊರಳಿಗೆ ಕಟ್ಟಿದಳು.

"ಇನ್ನ ನೀನs ಇಟ್ಕೋ."

"ನಾ ಕಳದಿದ್ದೆನೆಲ್ರಿ ಅತ್ತಿ," ಎಂದಳು ಅವ್ವ.

"ಕಳದಿ, ಹುಡಿಕಿದಿ." ಅಜ್ಜಿ ದಾರದ ಗಂಟು ಬಿಗಿ ಮಾಡುತ್ತ ಹೇಳಿದಳು. "ಹುಡುಕೂಮುಂದ ಏನೇನ ತಿಳೀತು, ಅದನ್ನೂ ಇದರ ಕೂಡನs ಪೆಟ್ಟಗ್ಯಾಗ ಇಟ್ಟು ಕೀಲಿ ಹಾಕು." ಆಮೇಲೆ ತಲೆಯೆತ್ತದೆ, "ನಿನ್ನ ಮಗಳಿಗೂ ಹೇಳು. ಆಕಿ ಬಾಯಿಗೆ ಕೀಲಿ ಇಲ್ಲ," ಎಂದಳು.

ಆಷಾಢ ಕಳೆದ ಮೇಲೆ ಸಂಶಿಯಲ್ಲಿ ಅತ್ತೆಯ ಮನೆಯಲ್ಲಿ ಒಂದು ಕಾರ್ಯವಾಯಿತು. ಅವ್ವ ಬೋರಮಾಳ ಹಾಕಿಕೊಂಡು ಬಂದಿದ್ದಳು. ಪಂಕ್ತಿಯಲ್ಲಿ ಅತ್ತೆಯ ಅತ್ತೆ, ಅದೇ ಅರಗಿನ ಬೋರಮಾಳದ ಬೀಗಿತಿ, ನಮ್ಮ ಬಾಜೂಕ ಕೂತಳು. ಅವಳ ಕಣ್ಣು ಅವ್ವನ ಕೊರಳಿನ ಮೇಲೆ ಬಿದ್ದದ್ದೇ ತಡ, ಅವ್ವ ಸೆರಗು ಸ್ವಲ್ಪ ಸರಿಸಿದಳು.

"ನಮ್ಮದು ಗಟ್ಟಿರಿ. ಅರಗಿಂದಲ್ಲ."

ಎಷ್ಟು ಸಲೀಸಾಗಿ ಹೇಳಿದಳೆಂದರೆ, ಆಚೆ ಕೂತ ಅಜ್ಜಿ ಅನ್ನ ಕಲಸುವ ಕೈ ನಿಲ್ಲಿಸಿ ಒಮ್ಮೆ ತಲೆಯಾಡಿಸಿದಳು.

ಅತ್ತೆಯ ಅತ್ತೆ ಅಷ್ಟಕ್ಕೇ ಬಿಡುವವಳಲ್ಲ. ನನ್ನ ಕಡೆ ಬಾಗಿದಳು. "ನೀ ಓದಿದಾಕಿ. ಸುಳ್ಳು ಹೇಳಾಕಿ ಅಲ್ಲ. ಖರೇ ಏನವಾ ಇದು?"

ನಾನು ಬಾಯಿ ತೆರೆದೆ. ಅವ್ವ ಅದರೊಳಗೆ ತುಪ್ಪ ಸೋರುವ ಹೋಳಿಗೆಯ ದೊಡ್ಡ ತುಂಡೊಂದನ್ನು ಇಟ್ಟಳು.